ಕಿತ್ತ ತುಕ್ಕು ಎಲ್ಲಿಗೆ ಹೋಗುತ್ತದೆ?

ಗಾಳಿ, ನೀರು, ಗಟ್ಟಿ ಕಣ ಮೂರನ್ನೂ ಬೆರೆಸಿ ಲೋಹದ ಮೈ ಉಜ್ಜುವ ವೆಟ್ ಬ್ಲಾಸ್ಟಿಂಗ್ ಯಂತ್ರಗಳು ಹಡಗುಕಟ್ಟೆಯಿಂದ ಹಳೆ ಬೈಕುಗಳ ಗ್ಯಾರೇಜಿನವರೆಗೆ ಬಂದಿವೆ. ದೂಳನ್ನು ಅವು ಹಿಡಿದು ನಿಲ್ಲಿಸುತ್ತವೆ. ಹಿಡಿದದ್ದನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ನಮಗೇ ಬಿಡುತ್ತವೆ.

ಬಣ್ಣ ಬಳಿಯುವವನು ಬರುವ ಮೊದಲು ತುಕ್ಕು ಕೀಳುವವನು ಬರಬೇಕು. ಸೇತುವೆಯ ಗರ್ಡರ್ ಇರಲಿ, ಮೀನುಗಾರಿಕೆ ಬೋಟಿನ ಉಕ್ಕಿನ ಹೊಟ್ಟೆ ಇರಲಿ, ಊರಾಚೆಯ ಎಣ್ಣೆ ಟ್ಯಾಂಕ್ ಇರಲಿ, ಮೇಲಿನ ಬಣ್ಣ ಎಷ್ಟೇ ದುಬಾರಿಯದಾದರೂ ಅಡಿಯಲ್ಲಿ ಸಡಿಲ ತುಕ್ಕು, ಹಳೆಯ ಪೇಂಟಿನ ಚಕ್ಕೆ, ಕಣ್ಣಿಗೆ ಕಾಣದ ಉಪ್ಪು ಉಳಿದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಅದು ಗುಳ್ಳೆ ಎದ್ದು ಕಳಚುತ್ತದೆ. ತಂತಿ ಬ್ರಷ್ಷು, ಎಮರಿ ಕಾಗದ ಹಿಡಿದು ಕೂತರೆ ಒಂದು ಸೇತುವೆಗೆ ವರ್ಷ ಸಾಲದು. ಹಾಗಾಗಿ ಗಟ್ಟಿ ಕಣಗಳನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸಿ ಮೈ ಉಜ್ಜುವ ವಿದ್ಯೆ ಬಂತು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಅದನ್ನು ಸ್ಯಾಂಡ್ ಬ್ಲಾಸ್ಟಿಂಗ್ ಎನ್ನುತ್ತಾರೆ.

ಈ ಕೆಲಸದಿಂದ ಎರಡು ಪ್ರಯೋಜನ. ಕೊಳೆ, ತುಕ್ಕು ಹೋಗಿ ಬರಿಯ ಲೋಹ ಕಾಣುತ್ತದೆ. ಜತೆಗೆ ಕಣ ಬಡಿದ ಕಡೆಯೆಲ್ಲ ಸಣ್ಣ ಕುಳಿ ಬಿದ್ದು ಲೋಹದ ಮೈ ತರಿತರಿಯಾಗುತ್ತದೆ. ಆ ತರಿಯ ಆಳ ಸಾಮಾನ್ಯವಾಗಿ 50ರಿಂದ 75 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಆಸುಪಾಸು. ಪ್ರೈಮರ್ ಬಿಗಿಯಾಗಿ ಕಚ್ಚಿಕೊಳ್ಳುವುದು ಆ ಕುಳಿಗಳಲ್ಲೇ.

ಹಾಗಾದರೆ ಕಿತ್ತದ್ದು ಎಲ್ಲಿಗೆ ಹೋಯಿತು? ಒಣ ಬ್ಲಾಸ್ಟಿಂಗ್‌ನಲ್ಲಿ ಅದು ಗಾಳಿಗೆ ಹೋಗುತ್ತದೆ. ತುಕ್ಕಿನ ಪುಡಿ, ಹಳೆಯ ಬಣ್ಣದಲ್ಲಿದ್ದ ಸೀಸ, ಬಡಿದು ಒಡೆದ ಕಣಗಳ ಹಿಟ್ಟು ಎಲ್ಲವೂ ಮೊದಲು ಗಾಳಿಗೆ, ಆಮೇಲೆ ಹತ್ತಿರ ನಿಂತವರ ಎದೆಯೊಳಕ್ಕೆ. ಈ ದಾರಿಯನ್ನು ತಿರುಗಿಸಲೆಂದೇ ವೆಟ್ ಬ್ಲಾಸ್ಟಿಂಗ್ ಯಂತ್ರಗಳು ಬೆಳೆದವು. ಅವು ಎಷ್ಟರಮಟ್ಟಿಗೆ ತಿರುಗಿಸಿದವು, ಎಲ್ಲಿಗೆ ತಿರುಗಿಸಿದವು ಎಂಬುದನ್ನು ಬಿಟ್ಟು ಈ ಯಂತ್ರಗಳ ಬೆಲೆ ಕಟ್ಟಲಾಗದು.

ಪೇಟೆಂಟಿನಲ್ಲೇ ಇದ್ದ ನೀರು

ಅಮೆರಿಕದ ಫಿಲಡೆಲ್ಫಿಯಾದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಪರ ಕಾದಿದವರು. ಮರದ ತಿರುಳಿನಿಂದ ಕಾಗದ ಮಾಡುವ ಸಲ್ಫೈಟ್ ವಿಧಾನಕ್ಕೆ 1860ರ ದಶಕದಲ್ಲೇ ಪೇಟೆಂಟ್ ಪಡೆದಿದ್ದ ಸಂಶೋಧಕ ಕೂಡ. ಕಲ್ಲು, ಗಾಜು, ಲೋಹಗಳನ್ನು ಮರಳಿನ ಸೆಲೆಯಿಂದ ಕೊರೆಯುವ ವಿಧಾನಕ್ಕೆ 1870ರ ಅಕ್ಟೋಬರ್ 18ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಮರಳಿಗೆ ವೇಗ ಕೊಡಲು ಅವರು ಅದರಲ್ಲಿ ಹೆಸರಿಸಿದ ವಾಹಕಗಳು ಹಬೆ, ಗಾಳಿ ಮತ್ತು ನೀರು. ಅಂದರೆ ನೀರು ಈ ವಿದ್ಯೆಗೆ ತಡವಾಗಿ ಬಂದ ನೆಂಟನಲ್ಲ, ಹುಟ್ಟಿದ ದಿನದಿಂದಲೇ ಮನೆಯಲ್ಲಿತ್ತು.

ಆರಂಭದ ದಿನಗಳಲ್ಲಿ ಇದು ಅಕ್ಷರ ಕೊರೆಯುವ, ಗಾಜಿನ ಮೇಲೆ ಚಿತ್ತಾರ ಬಿಡಿಸುವ ಕಸುಬಾಗಿತ್ತು. ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿ ಕಲ್ಲುಗಳ ಮೇಲೆ ಹೆಸರು ಮೂಡಿಸಲು ವರ್ಮಾಂಟ್ ರಾಜ್ಯದ ಅಮೃತಶಿಲೆ ಕಾರ್ಖಾನೆಗಳು 1870ರ ದಶಕದಲ್ಲಿ ಇದನ್ನೇ ಹಿಡಿದವು. ಇಪ್ಪತ್ತನೇ ಶತಮಾನ ಕಾಲಿಡುವ ಹೊತ್ತಿಗೆ ಬಲವಾದ ಏರ್ ಕಂಪ್ರೆಸರ್‌ಗಳು ಬಂದವು. ಎರಕದ ಕಾರ್ಖಾನೆ, ಹಡಗುಕಟ್ಟೆ, ರೈಲ್ವೆ ವರ್ಕ್‌ಶಾಪ್‌ಗಳೆಲ್ಲ ಒಣ ಗಾಳಿಯನ್ನೇ ಆರಿಸಿಕೊಂಡವು. ಒಣ ಮರಳು ಅಗ್ಗ, ಕೆಲಸ ಚುರುಕು, ಬಡಿದ ಉಕ್ಕು ಮತ್ತೆ ತುಕ್ಕು ಹಿಡಿಯುವ ಭಯವೂ ಕಡಿಮೆ. ಹೀಗೆ ನೀರು ಮೂಲೆಗೆ ಸರಿಯಿತು. ಅದನ್ನು ವಾಪಸು ಕರೆತರಲು ದುಡಿಯುವವರ ಶ್ವಾಸಕೋಶಗಳು ಸಾಕ್ಷಿ ನುಡಿಯಬೇಕಾಯಿತು.

ಬೆಣಚುಕಲ್ಲಿನ ಹಿಟ್ಟು

ಹೊಳೆಯ ಮರಳೆಂದರೆ ಬಹುಪಾಲು ಬೆಣಚು, ರಸಾಯನಶಾಸ್ತ್ರದ ಮಾತಿನಲ್ಲಿ ಸ್ಫಟಿಕರೂಪದ ಸಿಲಿಕಾ. ದಡದಲ್ಲಿ ಬಿದ್ದಿದ್ದರೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಅದೇ ಕಾಳು ಉಕ್ಕಿಗೆ ರಭಸದಿಂದ ಬಡಿದಾಗ ಚೂರುಚೂರಾಗುತ್ತದೆ. ಅದರಲ್ಲಿ ಐದು ಮೈಕ್ರಾನಿಗಿಂತ ಚಿಕ್ಕ ಚೂರುಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವ ಜೀವಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಗಾಯದ ಕಲೆಯಂತೆ ಉಳಿಯುತ್ತದೆ. ಇದೇ ಸಿಲಿಕೋಸಿಸ್. ಆಗ ತಾನೇ ಒಡೆದ ಸಿಲಿಕಾದ ಮೈ ಹಳೆಯ ದೂಳಿಗಿಂತ ಹೆಚ್ಚು ತೀಕ್ಷ್ಣ. ಹಾಗಾಗಿಯೇ ಗಣಿಯಲ್ಲಿ ದಶಕಗಳ ನಂತರ ಕಾಣಿಸುವ ಈ ರೋಗ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರಲ್ಲಿ ಕೆಲವೇ ವರ್ಷಗಳಲ್ಲಿ, ಒಮ್ಮೊಮ್ಮೆ ಕೆಲವೇ ತಿಂಗಳುಗಳಲ್ಲಿ ಕಾಣಿಸಿದ್ದುಂಟು. ಗುಣಪಡಿಸುವ ಔಷಧವಿಲ್ಲ. ಬೆನ್ನಿಗೇ ಕ್ಷಯ ಬರುವ ಅಪಾಯವೂ ಹೆಚ್ಚು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ನೀರು ಈ ದೂಳನ್ನು ತಡೆಯಬಲ್ಲದು ಎಂಬುದು ಗಣಿಗಳಲ್ಲಿ ಮೊದಲೇ ಗೊತ್ತಿತ್ತು. ಡೆನ್ವರ್‌ನ ಜಾನ್ ಜಾರ್ಜ್ ಲೇನರ್ 1890ರ ದಶಕದ ಕೊನೆಯಲ್ಲಿ ಟೊಳ್ಳು ಸಲಾಕೆಯ ಬಂಡೆ ಕೊರೆಯುವ ಯಂತ್ರ ತಂದಾಗ ಅದು ಎಬ್ಬಿಸಿದ ದೂಳು ಕಂಡು ಗಣಿಗಾರರು ಅದಕ್ಕೆ ಇಟ್ಟ ಅಡ್ಡಹೆಸರು ‘ವಿಧವೆಯರನ್ನು ಮಾಡುವ ಯಂತ್ರ’. ಅದೇ ಸಲಾಕೆಯೊಳಗೆ ನೀರು ಹರಿಸಿದ ಮೇಲೆ ಯಂತ್ರ ಬಳಕೆಗೆ ಯೋಗ್ಯವಾಯಿತು. ಇಷ್ಟೆಲ್ಲ ತಿಳಿದ ಮೇಲೂ 1930ರಲ್ಲಿ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗವನ್ನು ಬಹುಪಾಲು ಶುದ್ಧ ಸಿಲಿಕಾದ ಬಂಡೆಯಲ್ಲಿ ತರಾತುರಿಯಲ್ಲಿ ಕೊರೆದರು. ನೀರು ಹಾಕದೆ ಒಣದಾಗಿಯೇ ಕೊರೆಸಲಾಯಿತು ಎಂದು ಕಾರ್ಮಿಕರು ಮುಂದೆ ಸಾಕ್ಷ್ಯ ನುಡಿದರು. ಸತ್ತವರು ನೂರಾರು ಮಂದಿ, ಅವರಲ್ಲಿ ಹೆಚ್ಚಿನವರು ಕೂಲಿ ಹುಡುಕಿ ಬಂದಿದ್ದ ಕಪ್ಪು ಜನ. ಆ ಯೋಜನೆಯ ಹಿಂದಿದ್ದದ್ದು ಭೋಪಾಲ ದುರಂತದಿಂದ ನಮಗೆ ಚೆನ್ನಾಗಿ ಪರಿಚಯವಾದ ಯೂನಿಯನ್ ಕಾರ್ಬೈಡ್.

ನಮ್ಮಲ್ಲಿ ಈ ಪಾಠ ಕಲಿಸಿದ್ದು ಕೋಲಾರದ ಚಿನ್ನದ ಗಣಿ. ಅಲ್ಲಿ ಚಿನ್ನ ಇದ್ದದ್ದೇ ಬೆಣಚಿನ ಪದರಗಳಲ್ಲಿ. 1940ರ ದಶಕದ ತಪಾಸಣೆಗಳಲ್ಲಿ ಸಾವಿರಾರು ಗಣಿಗಾರರಿಗೆ ಸಿಲಿಕೋಸಿಸ್ ಇರುವುದು ಕಂಡುಬಂತು. ಭಾರತದ ಔದ್ಯೋಗಿಕ ರೋಗಗಳ ಚರಿತ್ರೆಯಲ್ಲಿ ಕೆಜಿಎಫ್ ಹೆಸರು ಮೊದಲ ಪುಟದಲ್ಲೇ ಬರುವುದು ಈ ಕಾರಣಕ್ಕೆ. ಮುಂದೆ 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಬ್ಲಾಸ್ಟಿಂಗ್‌ಗೆ ಮರಳು ಬಳಸುವುದಕ್ಕೂ ಒಂದೊಂದೇ ದೇಶ ತಡೆಹಾಕಿತು. ಎರಕದ ಸಾಮಾನುಗಳನ್ನು ಮರಳಿನಿಂದ ಬಡಿಯುವುದನ್ನು ಬ್ರಿಟನ್ 1949ರ ನಿಯಮಗಳಲ್ಲಿ ನಿಷೇಧಿಸಿತು. ಶೇ 1ಕ್ಕಿಂತ ಹೆಚ್ಚು ಸ್ಫಟಿಕ ಸಿಲಿಕಾ ಇರುವ ಯಾವ ಕಣವನ್ನೂ ಬಳಸಬಾರದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1974ರಲ್ಲಿ ಶಿಫಾರಸು ಮಾಡಿತು. ಭಾರತದಲ್ಲೂ ಕಾರ್ಖಾನೆ ಕಾಯ್ದೆಯ ಮಾದರಿ ನಿಯಮಗಳು ಬ್ಲಾಸ್ಟಿಂಗ್ ಅನ್ನು ಅಪಾಯಕಾರಿ ಕೆಲಸವೆಂದು ಗುರುತಿಸಿ, ಮುಕ್ತ ಸಿಲಿಕಾ ಇರುವ ಮರಳನ್ನು ಯಂತ್ರಕ್ಕೆ ಹಾಕಕೂಡದು ಎಂದವು. ನಿಯಮ ಪುಸ್ತಕದಲ್ಲಿದ್ದರೂ ಅಗ್ಗದ ಮರಳಿನ ಆಸೆ ಬಿಡುವುದಿಲ್ಲ ಎಂಬುದಕ್ಕೆ ಟರ್ಕಿಯ ಜೀನ್ಸ್ ಕಾರ್ಖಾನೆಗಳೇ ಸಾಕ್ಷಿ. ಹೊಸ ಪ್ಯಾಂಟಿಗೆ ಮಾಸಿದ ಕಳೆ ತರಲು ಕೋಣೆಯೊಳಗೆ ಮರಳು ಊದುತ್ತಿದ್ದ ಎಳೆಯ ಹುಡುಗರು ಸಿಲಿಕೋಸಿಸ್‌ನಿಂದ ಸತ್ತ ಮೇಲೆ, 2009ರಲ್ಲಿ, ಅಲ್ಲಿ ಆ ಕೆಲಸ ನಿಷೇಧವಾಯಿತು.

ನೀರನ್ನು ಎಲ್ಲಿ ಸೇರಿಸಬೇಕು?

ವೆಟ್ ಬ್ಲಾಸ್ಟಿಂಗ್ ಎಂದರೆ ಒಂದೇ ಯಂತ್ರವಲ್ಲ. ನೀರು ಎಲ್ಲಿ ಸೇರುತ್ತದೆ, ಎಷ್ಟು ಸೇರುತ್ತದೆ ಎಂಬುದರ ಮೇಲೆ ಅದರಲ್ಲಿ ನಾಲ್ಕು ಬಗೆ.

ಮೊದಲನೆಯದು ಅತಿ ಸರಳ. ಈಗಾಗಲೇ ಇರುವ ಒಣ ಬ್ಲಾಸ್ಟಿಂಗ್ ಪಾಟ್‌ನ (ಕಣ ತುಂಬುವ ಪಾತ್ರೆ) ನಾಝಲ್ ತುದಿಗೆ ನೀರಿನ ಉಂಗುರವೊಂದನ್ನು ಸಿಕ್ಕಿಸುವುದು. ಉಂಗುರದ ಸಣ್ಣ ತೂತುಗಳಿಂದ ಚಿಮ್ಮುವ ನೀರು ಹೊರಬರುವ ಕಣದ ಸೆಲೆಯನ್ನು ಸುತ್ತುವರಿಯುತ್ತದೆ. ಖರ್ಚು ಕಡಿಮೆ, ಹೊಸ ಯಂತ್ರ ಬೇಡ. ಆದರೆ ಸೆಲೆಯ ನಡುವಿನ ಕಣಗಳಿಗೆ ನೀರು ಸರಿಯಾಗಿ ತಾಗುವುದಿಲ್ಲ. ದೂಳು ಪೂರ್ತಿ ಅಡಗಬೇಕೆಂದು ನೀರು ಹೆಚ್ಚಿಸಿದರೆ ನಿಮಿಷಕ್ಕೆ ಹಲವು ಲೀಟರ್ ಹರಿದು ನೆಲವೆಲ್ಲ ರಾಡಿಯಾಗುತ್ತದೆ.

ಎರಡನೆಯದು ಇಂದಿನ ಮಾರುಕಟ್ಟೆಯ ಮುಖ್ಯ ಯಂತ್ರ. ಇದನ್ನು ವೇಪರ್ ಬ್ಲಾಸ್ಟಿಂಗ್, ಸ್ಲರಿ ಬ್ಲಾಸ್ಟಿಂಗ್ ಎಂದೆಲ್ಲ ಕರೆಯುತ್ತಾರೆ. ಇಲ್ಲಿ ಒತ್ತಡ ತಡೆಯುವ ಉಕ್ಕಿನ ಪಾಟ್‌ನೊಳಗೇ ಕಣವೂ ನೀರೂ ಒಟ್ಟಿಗೆ ಇರುತ್ತವೆ. ಭಾರವಾದ ಕಣ ತಳಕ್ಕೆ ಕೂತು ದಪ್ಪ ಪಾಕದಂತಾಗುತ್ತದೆ. ಚಿಕ್ಕ ಪಂಪೊಂದು ಗಾಳಿಯ ಪೈಪಿನ ಒತ್ತಡಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿ ಪಾಟ್‌ಗೆ ನೀರು ತುಂಬುತ್ತದೆ. ಒಳಗೆ ಹೋದ ನೀರಿನಷ್ಟೇ ಪಾಕ ತಳದಿಂದ ಹೊರಬಿದ್ದು ಗಾಳಿಯ ಹರಿವಿಗೆ ಸೇರುತ್ತದೆ. ಪ್ರತಿ ಕಣವೂ ಪಾಟ್‌ನಿಂದ ಹೊರಡುವಾಗಲೇ ತೆಳುವಾದ ನೀರಿನ ಹೊದಿಕೆ ಹೊದ್ದಿರುತ್ತದೆ. ಆದ್ದರಿಂದ ನಿಮಿಷಕ್ಕೆ ಒಂದು ಲೀಟರಿನ ಆಸುಪಾಸಿನಷ್ಟು ನೀರಿನಲ್ಲೇ ಕೆಲಸ ನಡೆಸುವ ಮಾದರಿಗಳಿವೆ. ದೂಳು ಶೇ 90ಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬುದು ತಯಾರಕರ ಹೇಳಿಕೆ. ಉಳಿದದ್ದು ಸೊನ್ನೆಯಲ್ಲ ಎಂಬುದನ್ನೂ ಆ ಲೆಕ್ಕವೇ ಹೇಳುತ್ತದೆ. ಉಸಿರಿನ ರಕ್ಷಾಕವಚ ಬಿಡುವಂತಿಲ್ಲ.

ಮೂರನೆಯದರಲ್ಲಿ ಗಾಳಿಗೆ ಕೆಲಸವೇ ಇಲ್ಲ, ನೀರೇ ಒಡೆಯ. ಈ ಕಸುಬಿನ ಮಾನದಂಡದಲ್ಲಿ 70 ಮೆಗಾಪಾಸ್ಕಲ್ ದಾಟಿದರೆ ಹೈ ಪ್ರೆಷರ್, 210 ದಾಟಿದರೆ ಅಲ್ಟ್ರಾ ಹೈ ಪ್ರೆಷರ್. ಅಲ್ಟ್ರಾ ಹೈ ಪ್ರೆಷರ್ ಎಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡಕ್ಕಿಂತ ಎರಡು ಸಾವಿರ ಪಟ್ಟು ಹೆಚ್ಚು. ಬರಿಯ ನೀರು ಹಳೆಯ ಬಣ್ಣ, ತುಕ್ಕು, ಉಪ್ಪನ್ನು ಕಿತ್ತೊಗೆಯುತ್ತದೆಯೇ ವಿನಾ ಉಕ್ಕಿನ ಮೇಲೆ ಹೊಸ ತರಿ ಮೂಡಿಸುವುದಿಲ್ಲ. ಮೊದಲಿದ್ದ ತರಿಯನ್ನು ಮತ್ತೆ ತೋರಿಸುತ್ತದೆ ಅಷ್ಟೇ. ಹೊಸ ತರಿ ಬೇಕಿದ್ದರೆ ಆ ಜೆಟ್‌ಗೆ ಗಾರ್ನೆಟ್ ಎಂಬ ಗಡಸು ಖನಿಜದ ಕಣ ಸೇರಿಸಬೇಕು. ಈ ಜೆಟ್ ಮೈಗೆ ತಾಗಿದರೆ ಚರ್ಮದ ಮೇಲೆ ಕಾಣುವುದು ಸೂಜಿಮೊನೆಯಷ್ಟು ಗಾಯ, ಒಳಗೆ ಆಗಿರುವ ಹಾನಿ ಬೆರಳನ್ನೇ ಕತ್ತರಿಸಬೇಕಾದಷ್ಟು.

ನಾಲ್ಕನೆಯದು ಗಾಜಿನ ಕಿಟಕಿಯ ಪೆಟ್ಟಿಗೆ. ಉದ್ದ ರಬ್ಬರ್ ಕೈಗವಸುಗಳೊಳಗೆ ಕೈತೂರಿಸಿ ಕೆಲಸ ಮಾಡುವ ಈ ಕ್ಯಾಬಿನೆಟ್‌ನ ತಳದ ತೊಟ್ಟಿಯಲ್ಲಿ ನೀರು, ಗಾಜಿನ ಸಣ್ಣ ಮಣಿಗಳು ಬೆರೆತಿರುತ್ತವೆ. ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು ಮಣಿ, ಉಳಿದದ್ದು ನೀರು. ಒಳಭಾಗಕ್ಕೆ ರಬ್ಬರ್ ಅಥವಾ ಪಾಲಿಯುರೆಥೇನ್ ಹೊದಿಸಿದ ಪಂಪು ಆ ಮಿಶ್ರಣವನ್ನು ಗನ್‌ಗೆ ಏರಿಸುತ್ತದೆ, ಗಾಳಿ ಅದಕ್ಕೆ ವೇಗ ಕೊಡುತ್ತದೆ. ಬಡಿದ ಮಣಿ ಮತ್ತೆ ತೊಟ್ಟಿಗೇ ಬೀಳುತ್ತದೆ. ಕಿಟಕಿಗೆ ಕಾರಿನಂತೆ ವೈಪರ್, ಕೊನೆಗೆ ತೊಳೆಯಲು ಶುದ್ಧ ನೀರಿನ ಇನ್ನೊಂದು ಗನ್. ಕಿತ್ತದ್ದು ಎಲ್ಲಿದೆ ಎಂಬುದು ಕಣ್ಣೆದುರೇ ಕಾಣುವ ಯಂತ್ರ ಈ ನಾಲ್ಕರಲ್ಲಿ ಇದೊಂದೇ.

ನಾಝಲ್‌ನ ಲೆಕ್ಕ

ಯಂತ್ರ ಕೊಳ್ಳಲು ಹೋದವರು ಪಾಟ್‌ನ ಅಳತೆ, ಬಣ್ಣ, ಚಕ್ರ ನೋಡುತ್ತಾರೆ. ಅನುಭವಿಗಳು ಮೊದಲು ಕೇಳುವುದು ಕಂಪ್ರೆಸರ್ ಎಷ್ಟು ಗಾಳಿ ಕೊಡುತ್ತದೆ ಎಂದು. ನಾಝಲ್‌ನ ನಂಬರ್ ಎಂದರೆ ಅದರ ತೂತಿನ ವ್ಯಾಸ ಇಂಚಿನ ಹದಿನಾರನೇ ಭಾಗದಲ್ಲಿ ಎಷ್ಟು ಎಂಬುದು. ಆರನೇ ನಂಬರ್ ನಾಝಲ್ ಎಂದರೆ ಹದಿನಾರರಲ್ಲಿ ಆರು, ಅಂದರೆ ಮುಕ್ಕಾಲು ಇಂಚಿನ ಅರ್ಧ. ಏಳು ಬಾರ್ ಒತ್ತಡದಲ್ಲಿ ಅದು ನಿಮಿಷಕ್ಕೆ ಸುಮಾರು 200 ಘನ ಅಡಿ ಗಾಳಿ ಕುಡಿಯುತ್ತದೆ. ಕಣ ಉಜ್ಜಿ ಉಜ್ಜಿ ತೂತು ಸವೆದು ಏಳನೇ ನಂಬರ್ ಆಯಿತೆನ್ನಿ. ವ್ಯಾಸ ಹೆಚ್ಚಿದ್ದು ಒಂದೇ ಹೆಜ್ಜೆಯಾದರೂ ತೂತಿನ ವಿಸ್ತಾರ ಶೇ 36ರಷ್ಟು ಹಿಗ್ಗುತ್ತದೆ, ಗಾಳಿಯೂ ಅಷ್ಟೇ ಹೆಚ್ಚು ಬೇಕು. ಕಂಪ್ರೆಸರ್‌ಗೆ ಆ ಶಕ್ತಿ ಇಲ್ಲದಿದ್ದರೆ ಒತ್ತಡ ಕುಸಿಯುತ್ತದೆ. ಡೀಸೆಲ್ ಉರಿಯುತ್ತದೆ, ಕೆಲಸ ಸಾಗುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡ್, ಬೋರಾನ್ ಕಾರ್ಬೈಡ್‌ನಂಥ ದುಬಾರಿ ಒಳಪದರದ ನಾಝಲ್‌ಗಳು ಕೊನೆಗೆ ಅಗ್ಗವೆನಿಸುವುದು ಇದಕ್ಕೇ.

ಇನ್ನೊಂದು ಭಾಗ ಡೆಡ್‌ಮ್ಯಾನ್ ಹ್ಯಾಂಡಲ್. ಹಿಡಿ ಬಿಟ್ಟ ಕೂಡಲೇ ಸೆಲೆ ನಿಲ್ಲಿಸುವ ಹಿಡಿಕೆ ಇದು. ಕೆಲಸಗಾರ ಕಾಲು ಜಾರಿ ಬಿದ್ದರೆ ಹೋಸ್ ಪೈಪ್ ಹಾವಿನಂತೆ ಹೊರಳಾಡಿ ಸುತ್ತಲಿದ್ದವರಿಗೆ ಬಡಿಯದಿರಲಿ ಎಂದು ಇರುವ ವ್ಯವಸ್ಥೆ. ಒದ್ದೆ ಕೆಲಸದಲ್ಲಿ ನೆಲ ಜಾರುವುದು ಹೆಚ್ಚು, ಹಾಗಾಗಿ ಅದರ ಅಗತ್ಯವೂ ಹೆಚ್ಚು. ಕೈ ನೋಯುತ್ತದೆಂದು ಅದಕ್ಕೆ ತಂತಿ ಸುತ್ತಿ ಸದಾ ಒತ್ತಿಹಿಡಿದಂತೆ ಮಾಡುವವರು ಯಂತ್ರವನ್ನಲ್ಲ, ಪ್ರಾಣವನ್ನು ಕಟ್ಟಿಹಾಕುತ್ತಾರೆ.

ಪಾಟ್‌ನೊಳಗೆ ಏನು ಹಾಕಬೇಕು? ನೀರಿನ ಜತೆ ಉಕ್ಕಿನ ಗ್ರಿಟ್, ಅಂದರೆ ಉಕ್ಕಿನ ಚೂರುಕಣ, ನಡೆಯದು, ಅದೇ ತುಕ್ಕು ಹಿಡಿಯುತ್ತದೆ. ಹೆಚ್ಚಾಗಿ ಬಳಸುವುದು ಗಾರ್ನೆಟ್. ಗಡಸುತನದ ಮೋಸ್ ಅಳತೆಯಲ್ಲಿ ಅದು ಏಳೂವರೆಯ ಆಸುಪಾಸು, ಭಾರವೂ ಹೆಚ್ಚು, ಮುಕ್ತ ಸಿಲಿಕಾ ಅತ್ಯಲ್ಪ. ತಮಿಳುನಾಡು ಮತ್ತು ಒಡಿಶಾದ ಕಡಲತೀರದ ಮರಳಿನಲ್ಲಿ ಅದು ಧಾರಾಳವಾಗಿದೆ. ಮೃದು ಮೈಗೆ ಗಾಜಿನ ಮಣಿ, ಇನ್ನೂ ನಾಜೂಕಿನ ಕೆಲಸಕ್ಕೆ ಅಡುಗೆ ಸೋಡಾ. ಇಷ್ಟು ಆಯ್ಕೆ ಇರುವಾಗಲೂ ನೀರು ಬೆರೆಸುತ್ತೇವಲ್ಲ ಎಂದು ಹೊಳೆ ಮರಳನ್ನೇ ತುಂಬುವವರಿದ್ದಾರೆ. ಒದ್ದೆ ಮರಳೂ ಮರಳೇ. ಸಂಜೆ ನೆಲಕ್ಕೆ ಬಿದ್ದ ಕೆಸರು ಮಾರನೇ ದಿನದ ಬಿಸಿಲಿಗೆ ಒಣಗುತ್ತದೆ, ಪೊರಕೆ ತಾಗಿದೊಡನೆ ಅದೇ ಸಿಲಿಕಾ ಮತ್ತೆ ಗಾಳಿಗೇರುತ್ತದೆ. ಉಸಿರಾಡುವವರು ಈ ಸಲ ಗುಡಿಸುವ ಹೆಂಗಸರು.

ಮಿಂಚಿನ ತುಕ್ಕು

ಬರಿಯ ಉಕ್ಕಿಗೆ ನೀರು ತಾಗಿದರೆ ತುಕ್ಕು ಕಾಯುವುದಿಲ್ಲ. ಬೂದು ಬಣ್ಣದ ಮೈ ನಿಮಿಷಗಳಲ್ಲಿ ಹಳದಿಗೆ, ಗಂಟೆಗಳಲ್ಲಿ ಕಂದಿಗೆ ತಿರುಗುತ್ತದೆ. ಈ ಕಸುಬಿನವರು ಇದನ್ನು ಫ್ಲ್ಯಾಷ್ ರಸ್ಟ್ ಎನ್ನುತ್ತಾರೆ. ಒಣ ವಿಧಾನದ ಪಕ್ಷಪಾತಿಗಳು ದಶಕಗಳ ಕಾಲ ವೆಟ್ ಬ್ಲಾಸ್ಟಿಂಗ್ ಅನ್ನು ತಳ್ಳಿಹಾಕಿದ್ದು ಇದೊಂದನ್ನೇ ಮುಂದಿಟ್ಟು. ಇದಕ್ಕೆ ಮೂರು ಪರಿಹಾರ ರೂಢಿಗೆ ಬಂದಿವೆ. ತೊಳೆಯುವ ನೀರಿಗೆ ತುಕ್ಕುನಿರೋಧಕ ಸೇರಿಸುವುದು, ತೊಳೆದ ಕೂಡಲೇ ಒಣ ಗಾಳಿ ಊದುವುದು, ಹಗುರವಾದ ಫ್ಲ್ಯಾಷ್ ರಸ್ಟ್ ಇದ್ದರೂ ಕಚ್ಚಿಕೊಳ್ಳುವ ಪ್ರೈಮರ್ ಬಳಿಯುವುದು.

ಉಕ್ಕು ಎಷ್ಟು ಶುದ್ಧವಾಗಿದೆ ಎಂದು ಹೇಳಲು ಸ್ವೀಡನ್‌ನಲ್ಲಿ ಹುಟ್ಟಿದ ‘ಎಸ್‌ಎ’ ದರ್ಜೆಗಳು ಇಂದಿಗೂ ಜಗತ್ತಿನೆಲ್ಲೆಡೆ ಟೆಂಡರ್‌ಗಳಲ್ಲಿ ಕಾಣುತ್ತವೆ. ‘ಎಸ್‌ಎ ಎರಡೂವರೆ’ ಎಂದರೆ ಬಹುತೇಕ ಬಿಳಿಲೋಹ. ಆ ದರ್ಜೆಗಳನ್ನು ತೋರಿಸುವ ಮಾದರಿ ಚಿತ್ರಗಳೆಲ್ಲ ಒಣದಾಗಿ ಬಡಿದ ಉಕ್ಕಿನವು. ಒದ್ದೆ ಉಕ್ಕಿನ ಬಣ್ಣವೇ ಬೇರೆ, ಹೀಗಾಗಿ ಗುತ್ತಿಗೆದಾರನಿಗೂ ಇನ್‌ಸ್ಪೆಕ್ಟರನಿಗೂ ಜಗಳ ತಪ್ಪುತ್ತಿರಲಿಲ್ಲ. ಅಮೆರಿಕದ ಲೇಪನ ಮತ್ತು ತುಕ್ಕುತಡೆ ತಜ್ಞರ ಸಂಸ್ಥೆಗಳಾದ ಎಸ್‌ಎಸ್‌ಪಿಸಿ ಮತ್ತು ನೇಸ್ 2015ರಲ್ಲಿ ವೆಟ್ ಬ್ಲಾಸ್ಟಿಂಗ್‌ಗೆಂದೇ ಪ್ರತ್ಯೇಕ ದರ್ಜೆಗಳನ್ನು ಪ್ರಕಟಿಸಿದವು. ಅದರಲ್ಲಿ ಫ್ಲ್ಯಾಷ್ ರಸ್ಟ್‌ಗೂ ಹಗುರ, ಮಧ್ಯಮ, ದಟ್ಟ ಎಂಬ ಅಳತೆ ಬಂತು.

ನೀರು ಗೆಲ್ಲುವುದು ಉಪ್ಪಿನ ವಿಷಯದಲ್ಲಿ. ಒಣ ಕಣ ಉಪ್ಪನ್ನು ಕೀಳುವ ಬದಲು ಕುಳಿಯೊಳಕ್ಕೆ ಜಡಿಯುತ್ತದೆ. ನೀರು ಅದನ್ನು ಕರಗಿಸಿ ಒಯ್ಯುತ್ತದೆ. ಬಣ್ಣದಡಿ ಉಳಿದ ಉಪ್ಪು ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಹಡಗಿನ ಬ್ಯಾಲಾಸ್ಟ್ ಟ್ಯಾಂಕ್‌ಗಳ ಬಗ್ಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2006ರಲ್ಲಿ ತಂದ ಮಾನದಂಡದ ಪ್ರಕಾರ ಬಣ್ಣಕ್ಕೆ ಮುಂಚೆ ಒಂದು ಚದರ ಮೀಟರಿನಲ್ಲಿ 50 ಮಿಲಿಗ್ರಾಂಗಿಂತ ಹೆಚ್ಚು ಉಪ್ಪು ಇರಕೂಡದು. ಚಿಟಿಕೆಗಿಂತ ಬಹಳ ಕಡಿಮೆ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಕಾರವಾರದಲ್ಲಿ ನೌಕಾನೆಲೆ ಇದೆ, ಮಂಗಳೂರಿನಲ್ಲಿ ಬಂದರು ಮತ್ತು ತೈಲ ಟ್ಯಾಂಕ್‌ಗಳಿವೆ. ಕಡಲ ಗಾಳಿಯಲ್ಲೇ ಉಪ್ಪು ತೇಲುವ ಈ ಕರಾವಳಿಯಲ್ಲಿ ಇದು ಪುಸ್ತಕದ ಮಾತಲ್ಲ. ಆಷಾಢದ ತೇವದಲ್ಲಿ ಉಕ್ಕಿನ ಉಷ್ಣತೆ ಇಬ್ಬನಿ ಬೀಳುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬ ಬಣ್ಣದವರ ನಿಯಮ ಪಾಲಿಸುವುದೂ ಅಲ್ಲಿ ದಿನನಿತ್ಯದ ಸರ್ಕಸ್ಸೇ.

ಬಯಲುಸೀಮೆಯ ತೊಂದರೆ ಬೇರೆ. ಅಲ್ಲಿ ಸಿಗುವುದು ಬೋರ್‌ವೆಲ್ ನೀರು. ಗಡಸು, ಕೆಲವೆಡೆ ಉಪ್ಪುಪ್ಪು. ಅಂಥ ನೀರಿನಿಂದ ಉಕ್ಕು ತೊಳೆದರೆ ತೆಗೆಯಲು ಹೊರಟ ಉಪ್ಪನ್ನು ನಾವೇ ಹಚ್ಚಿದಂತೆ. ಯಂತ್ರಕ್ಕೆ ಲಕ್ಷಗಟ್ಟಲೆ ಸುರಿದವರು ಟ್ಯಾಂಕರ್ ನೀರಿನ ಪರೀಕ್ಷೆಗೆ ಕೆಲವು ನೂರು ರೂಪಾಯಿ ಕೊಡಲು ಹಿಂಜರಿಯಬಾರದು.

ಯೆಜ್ಡಿ, ಬಳಪದ ಕಲ್ಲು, ತಾಮ್ರದ ಪ್ರತಿಮೆ

ಕ್ಯಾಬಿನೆಟ್ ಬಗೆಯ ಯಂತ್ರಕ್ಕೆ ನಮ್ಮಲ್ಲಿ ಅಭಿಮಾನಿಗಳನ್ನು ತಂದದ್ದು ಹಳೆಯ ಮೋಟಾರ್‌ಸೈಕಲ್‌ಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳನ್ನು ಹೊಸದರಂತೆ ಮಾಡುವ ಹುಚ್ಚು ಬೆಂಗಳೂರು, ಮೈಸೂರುಗಳಲ್ಲಿ ಇನ್ನೂ ಜೋರಾಗಿದೆ. ದಶಕಗಳ ಎಣ್ಣೆಜಿಡ್ಡು ಹಿಡಿದು ಕಪ್ಪಾದ ಅಲ್ಯೂಮಿನಿಯಂ ಎಂಜಿನ್ ಕವಚ, ಕಾರ್ಬ್ಯುರೇಟರ್‌ಗಳನ್ನು ಒಣದಾಗಿ ಬಡಿದರೆ ಮೃದು ಲೋಹದೊಳಗೆ ಕಣ ಹೂತುಹೋಗಿ ಮೈ ಒರಟಾಗುತ್ತದೆ. ನೀರಿನಲ್ಲಿ ತೇಲಿಬರುವ ಗಾಜಿನ ಮಣಿಗೆ ನೀರೇ ಮೆತ್ತೆ. ಅದು ಬಡಿದು ಜಾರುತ್ತದೆ. ಕೊನೆಗೆ ಸಿಗುವುದು ಎರಕದಿಂದ ಈಗಷ್ಟೇ ಹೊರಬಂದಂಥ ರೇಷ್ಮೆ ಹೊಳಪು. ಇಲ್ಲಿರುವ ಅಪಾಯ ಒಂದೇ. ಎಣ್ಣೆ ಹರಿಯುವ ಸಣ್ಣ ದಾರಿಯಲ್ಲಿ ನಾಲ್ಕು ಮಣಿ ಉಳಿದರೂ ಮೊದಲ ಸವಾರಿಯಲ್ಲೇ ಬೇರಿಂಗ್ ಹಾಳಾಗುತ್ತದೆ. ಒಳ್ಳೆಯ ಕೆಲಸಗಾರ ಬಡಿಯುವುದಕ್ಕಿಂತ ತೊಳೆಯುವುದಕ್ಕೆ ಹೆಚ್ಚು ಹೊತ್ತು ಕೊಡುತ್ತಾನೆ.

ನೀರಿನ ಮೃದುತ್ವ ಕಂಡು ಹಳೆಯ ಕಲ್ಲಿಗೂ ಇದನ್ನೇ ಹಿಡಿಯೋಣ ಎನ್ನುವವರಿಗೆ ಎಚ್ಚರಿಕೆ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಶಿಲ್ಪಗಳದು ಬಳಪದ ಕಲ್ಲು. ಉಳಿಗೆ ಸುಲಭವಾಗಿ ಒಲಿದದ್ದರಿಂದಲೇ ಆ ಸರ, ಆ ಬಳೆ, ಆ ಬೆರಳುಗುರು ಮೂಡಿದವು. ಮರಳಿನ ಗಡಸುತನ ಮೋಸ್ ಅಳತೆಯಲ್ಲಿ ಏಳು, ಈ ಕಲ್ಲಿನದು ಎರಡು-ಮೂರರ ಸುತ್ತ. ಒದ್ದೆಯಾಗಿರಲಿ ಒಣಗಿರಲಿ, ಸೆಲೆ ತಾಗಿದ ಕಡೆ ಶಿಲ್ಪಿಯ ಕೈ ಅಳಿಸಿಹೋಗುತ್ತದೆ. ಗಟ್ಟಿ ಗ್ರಾನೈಟೂ ಸುರಕ್ಷಿತವಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಮರಳು ಊದಿ ಶಾಸನಗಳ ಅಕ್ಷರ ಮಸುಕಾದ ದೂರುಗಳು ತಮಿಳುನಾಡಿನ ದೇವಾಲಯಗಳಿಂದ ಬಂದಿವೆ. ಹಳೆಯ ಕಟ್ಟಡಗಳಿಗೆ ಈ ವಿಧಾನ ಒಗ್ಗದು ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1979ರಷ್ಟು ಹಿಂದೆಯೇ ಕೈಪಿಡಿ ಹೊರಡಿಸಿತ್ತು. ಕಂಬಗಳ ಮೇಲಿನ ಸುಣ್ಣ, ಪೇಂಟು ತೆಗೆಯಲು ಸಂರಕ್ಷಕರು ರಾಸಾಯನಿಕ ಲೇಪ, ಮೃದು ಬ್ರಷ್ಷು, ಬಿದಿರು ಕಡ್ಡಿಗಳನ್ನು ಹಿಡಿದು ಕೂರುವುದು ಯಂತ್ರ ಗೊತ್ತಿಲ್ಲದೆ ಅಲ್ಲ.

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಶತಮಾನೋತ್ಸವಕ್ಕೆ, 1980ರ ದಶಕದಲ್ಲಿ ನಡೆದ ದುರಸ್ತಿಯಲ್ಲಿ, ತೆಳ್ಳಗಿನ ತಾಮ್ರದ ಒಳಮೈಗೆ ಅಂಟಿದ್ದ ಟಾರನ್ನು ಅಡುಗೆ ಸೋಡಾ ಊದಿ ತೆಗೆದರು. ಮರಳಾಗಿದ್ದರೆ ತಾಮ್ರವೇ ಸವೆಯುತ್ತಿತ್ತು. ಆಯ್ಕೆ ಜಾಣತನದ್ದೇ. ಆದರೂ ಸಂದಿಗಳಿಂದ ಹೊರಗೆ ಸೋರಿದ ಸೋಡಾ ಪ್ರತಿಮೆಯ ಹಸಿರು ಮೈ ಮೇಲೆ ನೀಲಿ ಕಲೆ ಮಾಡತೊಡಗಿ, ಹೊರಗಿನಿಂದ ನೀರು ಹಾಯಿಸಿ ತೊಳೆಯಬೇಕಾಯಿತು. ಒಳಗೆ ಬಳಸಿದ್ದು ಹೊರಗೆಲ್ಲಿ ಬರುತ್ತದೆ ಎಂದು ಲೆಕ್ಕ ಹಾಕದಿದ್ದರೆ ಅಡುಗೆಮನೆಯ ಸೋಡಾ ಕೂಡ ಕೆಲಸ ಹೆಚ್ಚಿಸುತ್ತದೆ.

ಟೆಂಡರಿನ ಒಂದು ಸಾಲು

ಹಾಗಾದರೆ ಎಲ್ಲ ಕಡೆ ವೆಟ್ ಬ್ಲಾಸ್ಟಿಂಗೇ ಮೇಲೇ? ಹಾಗೇನಿಲ್ಲ. ಮುಚ್ಚಿದ ಕೋಣೆ, ದೂಳು ಹೀರುವ ಯಂತ್ರ, ಮತ್ತೆ ಮತ್ತೆ ಬಳಸಬಹುದಾದ ಉಕ್ಕಿನ ಗ್ರಿಟ್ ಇರುವ ಕಾರ್ಖಾನೆಗೆ ಒಣ ವಿಧಾನವೇ ಲೇಸು. ಅಲ್ಲಿ ಕಿತ್ತದ್ದು ಫಿಲ್ಟರ್ ಚೀಲದಲ್ಲಿ ಭದ್ರ. ನೀರು ಬೇಕಾಗುವುದು ಕೋಣೆ ಕಟ್ಟಲಾಗದ ಕಡೆ: ಜನ ಓಡಾಡುವ ಸೇತುವೆ, ಪಕ್ಕದಲ್ಲಿ ಶಾಲೆ ಇರುವ ನೀರಿನ ಟ್ಯಾಂಕ್, ಹತ್ತಾರು ಬೇರೆ ಕೆಲಸ ನಡೆಯುವ ಹಡಗುಕಟ್ಟೆ.

ಅಲ್ಲಿಯೂ ನೀರು ದೂಳನ್ನು ಇಲ್ಲವಾಗಿಸುವುದಿಲ್ಲ, ಕೆಸರಾಗಿಸುತ್ತದೆ. ಗಾರ್ನೆಟ್ ನಿರುಪದ್ರವಿ ಇರಬಹುದು. ಅದರ ಜತೆ ಬೆರೆತ ಹಳೆಯ ಕೆಂಪು ಸೀಸದ ಪ್ರೈಮರ್, ಕ್ರೋಮೇಟ್, ಹಡಗಿನ ಅಡಿಯ ವಿಷಬಣ್ಣ ಹಾಗಲ್ಲ. ಗಾಳಿಗೆ ಹೋಗಿದ್ದರೆ ಕೆಲಸಗಾರನ ಎದೆಗೆ ಸೇರುತ್ತಿದ್ದ ಸೀಸ ಈಗ ಚರಂಡಿ ಹಿಡಿದು ಕೆರೆಗೋ ಕಡಲಿಗೋ ಹೋಗುತ್ತದೆ. ಕೆಳಗೆ ಟಾರ್ಪಾಲಿನ್ ಹಾಸಿ, ನೀರನ್ನು ಸೋಸುಬಟ್ಟೆಯಲ್ಲಿ ಇಳಿಸಿ, ಕೆಸರನ್ನು ಒಣಗುವ ಮೊದಲೇ ಚೀಲಕ್ಕೆ ತುಂಬಿ, ಪರೀಕ್ಷೆ ಮಾಡಿಸಿ, ಅಪಾಯಕಾರಿ ತ್ಯಾಜ್ಯವಾದರೆ ಅದಕ್ಕೆಂದೇ ಇರುವ ಜಾಗಕ್ಕೆ ಕಳಿಸಬೇಕು. ಯಂತ್ರದ ಜಾಹೀರಾತಿನಲ್ಲಿ ಈ ಅರ್ಧ ಕೆಲಸ ಕಾಣುವುದಿಲ್ಲ.

ಇದಕ್ಕೆಲ್ಲ ದುಡ್ಡು ಬೇಕು. ಆ ದುಡ್ಡು ಬರಬೇಕಾದದ್ದು ಟೆಂಡರಿನಿಂದ. ಚದರ ಮೀಟರಿಗೆ ಇಷ್ಟು ಎಂದು ಬರಿಯ ಬ್ಲಾಸ್ಟಿಂಗ್ ದರ ಕೇಳಿ, ಅತಿ ಕಡಿಮೆ ಕೂಗಿದವನಿಗೆ ಕೆಲಸ ಕೊಟ್ಟರೆ ಅವನು ಹೊಳೆ ಮರಳನ್ನೇ ತರುತ್ತಾನೆ, ಮುಖಕ್ಕೆ ಒಂದು ಬಟ್ಟೆ ಕಟ್ಟಿಸುತ್ತಾನೆ. ಯಾವ ಕಣ, ಯಾವ ನೀರು, ಯಾವ ಮುಖಕವಚ, ಕೆಸರಿನ ವಿಲೇವಾರಿಗೆ ಎಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ದರ ಕೇಳುವ ಎಂಜಿನಿಯರ್ ಇದ್ದರೆ ಅದೇ ಗುತ್ತಿಗೆದಾರ ಒಳ್ಳೆಯ ಯಂತ್ರವನ್ನು ಬಾಡಿಗೆಗಾದರೂ ತರುತ್ತಾನೆ. ಟಿಲ್ಗ್‌ಮನ್ 1870ರಲ್ಲೇ ಬರೆದಿಟ್ಟ ನೀರು ಕೆಲಸದ ಜಾಗಕ್ಕೆ ಬರುವುದೋ ಬಿಡುವುದೋ ಎಂಬುದು ಯಂತ್ರ ತಯಾರಕರ ಕೈಯಲ್ಲಿ ಇರುವುದು ಕಡಿಮೆ, ದರಪಟ್ಟಿ ಬರೆಯುವವರ ಕೈಯಲ್ಲಿ ಇರುವುದು ಹೆಚ್ಚು. ನಿಮ್ಮೂರಿನ ನೀರಿನ ಟ್ಯಾಂಕಿಗೆ, ಸೇತುವೆಗೆ ಬಣ್ಣ ಬಳಿಯುವ ಟೆಂಡರ್ ಕರೆದಾಗ ಆ ಪಟ್ಟಿಯಲ್ಲಿ ಕೆಸರಿಗೆಂದು ಒಂದು ಸಾಲು ಇದೆಯೇ ಎಂದು ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೇಳಿ ನೋಡಿ. ಇಲ್ಲವೆಂದಾದರೆ ಕಿತ್ತ ತುಕ್ಕಿನ ಖರ್ಚನ್ನು ಅಲ್ಲಿ ಕೂಲಿಗೆ ನಿಂತವನೇ ತನ್ನ ಉಸಿರಿನಿಂದ ಕಟ್ಟುತ್ತಿದ್ದಾನೆ ಎಂದೇ ಅರ್ಥ.